ಎಲ್ಲದಕ್ಕೂ ಗ್ಯಾಸ್ ಅನ್ನುತ್ತಿದ್ದೆ

ತುಮಕೂರಿನಲ್ಲಿ ನನ್ನದೊಂದು ಸಣ್ಣ ಟೈಲರ್ ಅಂಗಡಿ. ಬ್ಲೌಸ್, ಚೂಡಿದಾರ್, ಸೀರೆಗೆ ಫಾಲ್ಸ್, ಕುಚ್ಚು. ಇಪ್ಪತ್ತು ವರ್ಷದಿಂದ ಮಷೀನ್ ಮುಂದೆ ಕೂತಿದ್ದೇನೆ. ಹೊಟ್ಟೆ ಕೆಡಿಸಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆ ಕೆಲಸ ಇನ್ನೊಂದಿಲ್ಲ. ಬೆಳಗ್ಗೆ ನಿಂತುಕೊಂಡೇ ತಿಂಡಿ, ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ, ಕೈ ತೊಳೆದ ತಕ್ಷಣ ಮತ್ತೆ ಬಗ್ಗಿ ಹೊಲಿಯುವುದು, ನಡುನಡುವೆ ಟೀ. ಮದುವೆ ಸೀಸನ್‌ನಲ್ಲಿ ದಿನಕ್ಕೆ ಏಳೆಂಟು ಟೀ ಆಗಿದ್ದೂ ಉಂಟು.

ಹೊಟ್ಟೆ ಏನೇ ತಕರಾರು ಮಾಡಲಿ, ನಾನು ಅನ್ನುತ್ತಿದ್ದದ್ದು ಒಂದೇ ಮಾತು: ಗ್ಯಾಸ್ ಆಗಿದೆ. ಎದೆ ಉರಿದರೂ ಗ್ಯಾಸ್, ಹೊಟ್ಟೆ ಉಬ್ಬಿದರೂ ಗ್ಯಾಸ್, ಬೆಳಗ್ಗೆ ಹೊಟ್ಟೆ ಖಾಲಿ ಆಗದಿದ್ದರೂ ಗ್ಯಾಸ್. ಬೆನ್ನು ಹಿಡಿದುಕೊಂಡರೆ ಗ್ಯಾಸ್ ಬೆನ್ನಿಗೆ ಹತ್ತಿದೆ. ನಮ್ಮ ಕಡೆ ಎಲ್ಲರೂ ಹೀಗೇ ಅಲ್ವಾ? ಕಾಯಿಲೆಗೆ ಒಂದೇ ಹೆಸರಾದ ಮೇಲೆ ಔಷಧಿಯೂ ಒಂದೇ ಆಗಿಬಿಡುತ್ತದೆ. ನಾನು ಎಡವಿದ್ದು ಅಲ್ಲೇ.

ಮೊದಲು ಕೆಟ್ಟದ್ದು ಶುಂಠಿ ಕಷಾಯದಿಂದ. ಕೊರೊನಾ ಸಮಯದಲ್ಲಿ ಮನೆಮನೆಯಲ್ಲೂ ಶುಂಠಿ, ಮೆಣಸು ಕುದಿಯುತ್ತಿತ್ತು. ಕೆಮ್ಮಿಗೆ ಶುರು ಮಾಡಿದ್ದನ್ನು ನಾನು ಗ್ಯಾಸಿಗೂ ಮುಂದುವರಿಸಿದೆ. ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ, ಘಾಟಾಗಿ. ಇಪ್ಪತ್ತು ದಿನಕ್ಕೆ ಎದೆಯಿಂದ ಗಂಟಲವರೆಗೆ ಉರಿ. ಮಲಗಿದರೆ ಹುಳಿನೀರು ಬಾಯಿಗೆ ಬರುವುದು. ಗ್ಯಾಸ್ ಜಾಸ್ತಿಯಾಯಿತು ಅಂತ ಕಷಾಯಕ್ಕೆ ಇನ್ನೂ ನಾಲ್ಕು ಕಾಳು ಮೆಣಸು ಹಾಕಿದೆ! ಕೊನೆಗೆ ಡಾಕ್ಟರ್ ಹತ್ತಿರ ಹೋದೆ. ಅವರು ಮಾತ್ರೆ ಬರೆಯುವ ಮುಂಚೆ ರಾತ್ರಿ ಊಟ ಎಷ್ಟು ಹೊತ್ತಿಗೆ, ಮಲಗುವುದು ಎಷ್ಟು ಹೊತ್ತಿಗೆ ಅಂತ ಕೇಳಿದರು. ಹತ್ತೂವರೆಗೆ ಊಟ, ಹನ್ನೊಂದಕ್ಕೆ ಹಾಸಿಗೆ. ಹೊಟ್ಟೆಯ ಹುಳಿ ಮೇಲಕ್ಕೆ ಬರುತ್ತಿರುವುದು ಇದು, ಕಷಾಯ ನಿಲ್ಲಿಸಿ, ಊಟಕ್ಕೂ ನಿದ್ದೆಗೂ ಎರಡು ಮೂರು ಗಂಟೆ ಬಿಡಿ ಅಂದರು. ಮಾತ್ರೆ ಒಂದು ತಿಂಗಳು ತಗೊಂಡೆ. ಈಗ ಎಂಟಕ್ಕೆ ಊಟ. ಶುಂಠಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬಸ್ಸಿನಲ್ಲಿ ವಾಕರಿಕೆ ಬಂದರೆ ಈಗಲೂ ಒಂದು ಚೂರು ಬಾಯಿಗೆ ಹಾಕಿಕೊಳ್ಳುತ್ತೇನೆ, ಹಿಡಿಸುತ್ತದೆ. ಉರಿಯುವ ಎದೆಗೆ ಮಾತ್ರ ಅದು ಬೆಂಕಿಗೆ ತುಪ್ಪ.

ಹೊಟ್ಟೆ ಉಬ್ಬರದ ಕಥೆಯೇ ಬೇರೆ. ಅದನ್ನು ಕಲಿಸಿದ್ದು ಅಮ್ಮ. ತವರು ಕೊರಟಗೆರೆ ಕಡೆ, ಸಿದ್ಧರಬೆಟ್ಟದ ಹತ್ತಿರ. ಬೆಟ್ಟ ಗಿಡಮೂಲಿಕೆಗೆ ಹೆಸರುವಾಸಿ. ಹತ್ತಿ ಬಂದವರು ಏನಾದರೊಂದು ಬೇರು, ಸೊಪ್ಪು ಕಿತ್ತುಕೊಂಡು ಬರುತ್ತಾರೆ. ಅಮ್ಮ ಮಾತ್ರ ಯಾವತ್ತೂ ಅಲ್ಲಿಂದ ತಂದವಳಲ್ಲ. "ಗುರುತಿಲ್ಲದ ಬೇರು ಯಾಕೆ ಬೇಕು, ಸಾಂಬಾರ ಡಬ್ಬಿ ಇಲ್ವಾ?" ಅನ್ನುತ್ತಾಳೆ.

ಅವರೆಕಾಯಿ ಕಾಲದಲ್ಲಿ ತವರಿಗೆ ಹೋದರೆ ಮೂರು ದಿನ ಅದೇ. ಹಿತಕಿದ ಬೇಳೆ ಸಾರು, ಅವರೆಕಾಳು ಉಪ್ಪಿಟ್ಟು, ಮುದ್ದೆಗೆ ಅವರೆಕಾಳು ಹುಳಿ. ಮೂರನೆಯ ದಿನ ಹೊಟ್ಟೆ ತಮಟೆ. ಅವರೆಯಲ್ಲಿರುವ ಒಂದು ಬಗೆಯ ಸಕ್ಕರೆಯನ್ನು ನಮ್ಮ ಹೊಟ್ಟೆ ಅರಗಿಸುವುದಿಲ್ಲ. ಅದು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ತಿಂದು ಗಾಳಿ ಬಿಡುತ್ತವೆ. ಇದು ನಿಜವಾದ ಗ್ಯಾಸ್! ಕಾಳು ನೆನೆಸಿದ ನೀರಲ್ಲಿ ಆ ಸಕ್ಕರೆ ಒಂದಿಷ್ಟು ಇಳಿದುಹೋಗುತ್ತದೆ. ಅಮ್ಮನಿಗೆ ಈ ವಿಜ್ಞಾನ ಗೊತ್ತಿಲ್ಲ, ಆದರೆ ಹಿತುಕಲು ರಾತ್ರಿಯೆಲ್ಲ ನೆನೆಸಿದ ನೀರನ್ನು ಯಾವತ್ತೂ ಚೆಲ್ಲುತ್ತಾಳೆ. ಒಗ್ಗರಣೆಗೆ ಇಂಗು ಬಿಟ್ಟಿದ್ದನ್ನು ನಾನು ನೋಡಿಲ್ಲ.

ಅಷ್ಟಾದರೂ ಉಬ್ಬರಿಸಿದರೆ ಓಮ. ಅವಳು ಮಾಡುವುದನ್ನು ನೋಡಬೇಕು. ಮೂರು ಬೆರಳಲ್ಲಿ ಸಿಗುವಷ್ಟು ಓಮವನ್ನು ಎಡ ಅಂಗೈಗೆ ಹಾಕಿ ಬಲಗೈ ಹೆಬ್ಬೆರಳಿನಿಂದ ಗಟ್ಟಿಯಾಗಿ ಉಜ್ಜುತ್ತಾಳೆ. ಘಾಟು ಮೂಗಿಗೆ ಬಡಿಯುತ್ತದೆ. ಒಮ್ಮೆ ಊದಿ ಹೊಟ್ಟು ಹಾರಿಸಿ, ಎರಡು ಕಲ್ಲುಪ್ಪು ಸೇರಿಸಿ ನನ್ನ ಕೈಗೆ ಹಾಕುತ್ತಾಳೆ. "ನುಂಗ್ಬೇಡ ಕಣೆ, ಅಗಿ." ಮೇಲೆ ಅರ್ಧ ಲೋಟ ಬಿಸಿನೀರು. ಹತ್ತು ಹದಿನೈದು ನಿಮಿಷಕ್ಕೆ ತೇಗು ಬಂದು ಹೊಟ್ಟೆ ಸಡಿಲವಾಗುತ್ತದೆ. ನನಗಂತೂ ಹಾಗೆ. ನುಂಗಿ ನೀರು ಕುಡಿದ ದಿನ ಅಷ್ಟು ಗುಣ ಕಾಣಲಿಲ್ಲ. ಎದೆ ಉರಿಯುವ ದಿನ ಓಮದ ಡಬ್ಬಿ ಮುಟ್ಟುವುದಿಲ್ಲ, ಅದೂ ಖಾರವೇ ತಾನೆ.

ಊಟದ ಮೇಲೆ ಸುಮ್ನೆ ಭಾರ ಅನ್ನಿಸಿದರೆ ಜೀರಿಗೆ ನೀರು. ಒಂದು ಚಮಚ ಜೀರಿಗೆಯನ್ನು ಘಮ್ಮೆನ್ನುವವರೆಗೆ ಹುರಿದು, ಎರಡು ಲೋಟ ನೀರು ಹಾಕಿ ಕುದಿಸುವುದು, ಅಷ್ಟೇ.

ಇನ್ನು ನಾನು ನಾಚಿಕೆಪಟ್ಟುಕೊಂಡು ಬರೆಯುತ್ತಿರುವ ಭಾಗ. ಮಲಬದ್ಧತೆ. ಮೂರು ದಿನಕ್ಕೊಮ್ಮೆ ಆದರೆ ಪುಣ್ಯ ಅನ್ನುವ ಸ್ಥಿತಿ. ಗ್ರಂಧಿಗೆ ಅಂಗಡಿಯಲ್ಲಿ ಹೊಟ್ಟೆ ಕ್ಲೀನ್ ಆಗುವ ಪುಡಿ ಅಂತ ಕೊಟ್ಟರು. ರಾತ್ರಿ ಒಂದು ಚಮಚ ತಗೊಂಡರೆ ಬೆಳಗ್ಗೆ ಗಡಿಯಾರದ ಹಾಗೆ. ಎಷ್ಟು ಖುಷಿ! ಗಿಡಮೂಲಿಕೆ ತಾನೆ, ಏನೂ ಆಗಲ್ಲ ಅಂದುಕೊಂಡು ದಿನಾ ತಗೊಂಡೆ. ಒಂದು ತಿಂಗಳಿಗೆ ಒಂದು ಚಮಚ ಸಾಲದಾಯಿತು. ಎರಡು ಮಾಡಿದೆ. ಹೊಟ್ಟೆ ನುಲಿತ, ಕಾಲಲ್ಲಿ ಸುಸ್ತು. ಪುಡಿ ಬಿಟ್ಟ ದಿನ ಏನೂ ಇಲ್ಲ. ಪುಡಿಯಲ್ಲಿ ಏನೇನಿದೆ ಅಂತ ಅಂಗಡಿಗೇ ಹೋಗಿ ಕೇಳಿದೆ. ಮುಕ್ಕಾಲು ಭಾಗ ಸೋನಾಮುಖಿ ಎಲೆ. ಅದು ಕರುಳನ್ನು ಹೊಡೆದೆಬ್ಬಿಸಿ ಕೆಲಸ ಮಾಡಿಸುವ ಎಲೆ. ಮೆಡಿಕಲ್ ಸ್ಟೋರ್‌ನಲ್ಲಿ ಸಿಗುವ ಎಷ್ಟೋ ಮಲಬದ್ಧತೆಯ ಮಾತ್ರೆಗಳಲ್ಲೂ ಇರುವುದು ಅದರ ಸತ್ವವೇ. ಅಪರೂಪಕ್ಕೆ ಎರಡು ದಿನ ಸರಿ. ತಿಂಗಳುಗಟ್ಟಲೆ ತಗೊಂಡರೆ ಮೈಯಲ್ಲಿನ ಲವಣಗಳೇ ಏರುಪೇರಾಗುತ್ತವೆ.

ಬಿಡುವುದಕ್ಕೆ ಎರಡು ತಿಂಗಳು ಹಿಡಿಯಿತು. ಪುಡಿಯ ಬದಲು ಇಸಬ್‌ಗೋಲ್ ಹೊಟ್ಟು. ಇದು ಬರೀ ನಾರು, ನೀರು ಹೀರಿ ಉಬ್ಬಿ ಮಲವನ್ನು ಮೆತ್ತಗೆ ಮಾಡುತ್ತದೆ. ಮೊದಲ ವಾರ ಅರ್ಧ ಲೋಟ ನೀರಲ್ಲಿ ಕಲಸಿ ಕುಡಿದೆ. ಗಾರೆ ಮೆತ್ತಿದ ಹಾಗೆ ಇನ್ನೂ ಗಟ್ಟಿ. ಕಾರಣ ಆಮೇಲೆ ಹೊಳೆಯಿತು. ನಾನು ನೀರೇ ಕುಡಿಯುತ್ತಿರಲಿಲ್ಲ!

ಯಾಕೆ ಕುಡಿಯುತ್ತಿರಲಿಲ್ಲ? ನಮ್ಮ ಕಾಂಪ್ಲೆಕ್ಸ್‌ನಲ್ಲಿ ಹೆಂಗಸರಿಗೆ ಟಾಯ್ಲೆಟ್ ಇಲ್ಲ. ಬೆಳಗ್ಗೆ ಒಂಬತ್ತಕ್ಕೆ ಬಂದರೆ ರಾತ್ರಿ ಮನೆಗೆ ಹೋಗುವವರೆಗೆ ತಡೆದುಕೊಳ್ಳಬೇಕು. ಅದಕ್ಕೆ ಬಾಟಲಿ ಮುಟ್ಟುತ್ತಿರಲಿಲ್ಲ. ಪಕ್ಕದ ಬ್ಯೂಟಿ ಪಾರ್ಲರ್‌ನವಳದ್ದೂ ಇದೇ ಕಥೆ, ಎದುರಿನ ಬಳೆ ಅಂಗಡಿಯವಳದ್ದೂ ಇದೇ. ಮೂವರೂ ಸೇರಿ ಹಿಂದಿನ ಬೀದಿಯ ಒಂದು ಮನೆಯವರನ್ನು ಕೇಳಿದೆವು. ತಿಂಗಳಿಗೆ ಇಷ್ಟು ಅಂತ ಕೊಟ್ಟು ಅವರ ಹೊರಗಿನ ಟಾಯ್ಲೆಟ್ಟಿನ ಕೀ ಇಸ್ಕೊಂಡೆವು. ಕೀ ನನ್ನ ಕಟಿಂಗ್ ಟೇಬಲ್ ಡ್ರಾನಲ್ಲಿ ಇರುತ್ತದೆ. ಹದಿನೈದು ದಿನದಲ್ಲಿ ಹೊಟ್ಟೆ ದಾರಿಗೆ ಬಂತು. ಈಗ ಇಸಬ್‌ಗೋಲ್ ವಾರಕ್ಕೆ ಎರಡು ಸಲ, ದೊಡ್ಡ ಲೋಟದ ತುಂಬ ನೀರಿನ ಜೊತೆ. ಥೈರಾಯ್ಡ್ ಮಾತ್ರೆ ಬೆಳಗ್ಗೆ ತಗೊಳ್ಳುವುದರಿಂದ ಇದನ್ನು ರಾತ್ರಿಗೆ ಇಟ್ಟುಕೊಂಡಿದ್ದೇನೆ. ಹತ್ತಿರ ಹತ್ತಿರ ತಗೊಂಡರೆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲವಂತೆ.

ನೀರಿನ ವಿಷಯದಲ್ಲಿ ಅದಕ್ಕೂ ಮೊದಲು ಒಂದು ಸಲ ಪೆಟ್ಟು ತಿಂದಿದ್ದೆ. ಮಗನಿಗೆ ಆರು ವರ್ಷವಿದ್ದಾಗ ಭೇದಿ ಹತ್ತಿತು. ದಾಳಿಂಬೆ ಸಿಪ್ಪೆ ಒಣಗಿಸಿ ಇಟ್ಟಿದ್ದೆ, ಅದರ ಕಷಾಯ ಕೊಟ್ಟೆ. ನೀರು ಕೊಟ್ಟರೆ ಇನ್ನೂ ಹೋಗುತ್ತದೆ ಅಂತ ನೀರು ಕೊಡಲಿಲ್ಲ. ಸಂಜೆಗೆ ಮಗುವಿನ ಕಣ್ಣು ಒಳಗೆ ಹೋಗಿತ್ತು, ತುಟಿ ಒಣಗಿತ್ತು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಈಗ ಮನೆಯಲ್ಲಿ ಓಆರ್‌ಎಸ್ ಪೊಟ್ಟಣ ಇದ್ದೇ ಇರುತ್ತದೆ. ಇಲ್ಲದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಟೀ ಚಮಚದಲ್ಲಿ ಮಟ್ಟಸವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಅಂದಾಜಿಗೆ ಹಾಕುವ ಹಾಗಿಲ್ಲ. ಸಿಪ್ಪೆ ಕಷಾಯ ಆಮೇಲಿನ ಮಾತು. ಮಲದಲ್ಲಿ ರಕ್ತ ಕಂಡರೆ, ಜ್ವರ ಇದ್ದರೆ, ನೀರೂ ನಿಲ್ಲದೆ ವಾಂತಿಯಾದರೆ ನಾನು ಯಾವ ಡಬ್ಬಿಯನ್ನೂ ತೆಗೆಯುವುದಿಲ್ಲ, ಆಟೋ ಹತ್ತುತ್ತೇನೆ.

ಕೊರೊನಾ ಸಮಯದಲ್ಲಿ ಅಮೃತಬಳ್ಳಿ ಕಷಾಯವನ್ನೂ ಎಲ್ಲರೂ ದಿನಾ ಕುಡಿದರು, ನಾನೂ ಕುಡಿದೆ. 2021ರಲ್ಲಿ ಮುಂಬೈ ಡಾಕ್ಟರುಗಳು ಅದನ್ನು ಕುಡಿದ ಕೆಲವರಿಗೆ ಲಿವರ್ ತೊಂದರೆಯಾಗಿದೆ ಅಂತ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಅದೇ ಥರ ಕಾಣುವ ಬೇರೆ ಬಳ್ಳಿ ಇರಬಹುದು ಅಂದಿತು. ಜಗಳ ಅವರದ್ದು. ನಾನು ನಿಲ್ಲಿಸಿದೆ. ಬಳ್ಳಿಯ ಗುರುತೇ ಹೀಗೆ ಗೋಜಲಾದರೆ ಬೇಲಿಯಿಂದ ಕಿತ್ತು ತಂದವರನ್ನು ನಂಬಿ ಹೇಗೆ ಕುಡಿಯಲಿ?

ನಂಬಿಕೆಯಿಂದ ನೆಟ್ಟಿರುವುದು ಒಂದೇ ಗಿಡ, ದೊಡ್ಡಪತ್ರೆ. ಎಣ್ಣೆ ಡಬ್ಬಕ್ಕೆ ತೂತು ಮಾಡಿ ಒಂದು ಕಡ್ಡಿ ಸಿಕ್ಕಿಸಿದ್ದೆ, ಅಂಗಡಿ ಬಾಗಿಲ ಪಕ್ಕ. ಎಲೆ ಹಿಸುಕಿದರೆ ಓಮದ್ದೇ ವಾಸನೆ, ಅದಕ್ಕೆ ಎಷ್ಟೋ ಜನ ಇದೇ ಓಮದ ಗಿಡ ಅಂದುಕೊಳ್ಳುತ್ತಾರೆ. ಎರಡೂ ಬೇರೆ ಬೇರೆ. ನಾಲ್ಕೈದು ಎಲೆಯನ್ನು ತುಪ್ಪದಲ್ಲಿ ಬಾಡಿಸಿ, ಕಾಯಿ, ಜೀರಿಗೆ ಜೊತೆ ರುಬ್ಬಿ ಮಜ್ಜಿಗೆಗೆ ಕಲಸಿದರೆ ಮಧ್ಯಾಹ್ನದ ಊಟ ಹಗುರ.

ಬ್ಲೌಸ್ ಕೊಡಲು ಬರುವವರು ಈಗ ಹೊಟ್ಟೆ ಕಥೆಯನ್ನೂ ಹೇಳುತ್ತಾರೆ. "ಅಕ್ಕ, ಗ್ಯಾಸು" ಅಂದರೆ ಉರಿಯೋ, ಉಬ್ಬರವೋ, ಕಟ್ಟಿರೋದೋ ಅಂತ ಕೇಳುತ್ತೇನೆ. ಒಬ್ಬರು ಐವತ್ತು ದಾಟಿದವರು, ಎದೆ ಹಿಡಿದಂತಿದೆ, ಎಡಗೈ ಜೋಮು, ಓಮ ಕೊಡಮ್ಮ ಅಂದರು. ಹಣೆ ಬೆವರುತ್ತಿತ್ತು. ಓಮ ಕೊಡಲಿಲ್ಲ. ಪಾರ್ಲರ್‌ನವಳ ಸ್ಕೂಟಿಯಲ್ಲಿ ಕೂರಿಸಿ ಇಸಿಜಿಗೆ ಕಳಿಸಿದೆ. ಹಾರ್ಟಿನದ್ದೇ ತೊಂದರೆ, ಎರಡು ದಿನಕ್ಕೆ ಸ್ಟೆಂಟ್ ಹಾಕಿದರು. ಈಗ ಚೆನ್ನಾಗಿದ್ದಾರೆ. ಆ ಬ್ಲೌಸ್ ಮಾತ್ರ ಇನ್ನೂ ಇಲ್ಲೇ ಇದೆ.

ಕಾಯುತ್ತಾ ನಿಂತವರೆಲ್ಲ ಎರಡೆರಡು ಎಲೆ ಕಿತ್ತು ಕಿತ್ತು ದೊಡ್ಡಪತ್ರೆ ಬೋಳಾಯಿತು. ಅಮ್ಮನಿಗೆ ಫೋನಲ್ಲಿ ಹೇಳಿದರೆ, "ಎಲೆ ಯಾಕೆ ಕೊಡ್ತೀಯ, ಕಡ್ಡಿ ಮುರಿದು ಕೊಡು, ನೆಟ್ಕೊಳ್ಲಿ" ಅಂದಳು. ಈಗ ಕೇಳಿದವರ ಬ್ಲೌಸ್ ಕವರಿನ ಮೇಲೆ ಒಂದು ಕಡ್ಡಿ ಇಟ್ಟು ಕೊಡುತ್ತಿದ್ದೇನೆ.