ಹೊಲ ಇದ್ದರೆ ಸಾಲದು, ಖಾತೆಯಲ್ಲಿ ಹಣ ಕಾಣಬೇಕು: ಕೆನಡಾ ವಲಸೆಗೆ ‘ಪ್ರೂಫ್ ಆಫ್ ಫಂಡ್ಸ್’ ಸಿದ್ಧಪಡಿಸುವ ಬಗೆ

ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿ ಭಾಗದ ಕುಟುಂಬವೊಂದರ ಆಸ್ತಿಯನ್ನು ಲೆಕ್ಕಕ್ಕೆ ಹಿಡಿದರೆ ಅದರ ಬಹುಪಾಲು ಹೊಲದಲ್ಲಿ, ಪ್ಲಾಟಿನಲ್ಲಿ, ಮನೆಯ ಬಂಗಾರದಲ್ಲಿ ಮತ್ತು ಊರಿನ ಪತ್ತಿನ ಸಂಘದ ಠೇವಣಿಯಲ್ಲಿ ಇರುತ್ತದೆ. ಅದರಲ್ಲೂ ಹೆಚ್ಚಿನದು ತಂದೆಯ ಹೆಸರಿನಲ್ಲಿ. ಕುಶಲ ಕೆಲಸಗಾರನಾಗಿ ಕೆನಡಾಕ್ಕೆ ವಲಸೆ ಹೋಗಲು ಅರ್ಜಿ ಹಾಕುವ ಮಗನಿಗೆ ಅಥವಾ ಮಗಳಿಗೆ ತೊಡಕು ಎದುರಾಗುವುದು ಇಲ್ಲಿಯೇ. ಅಲ್ಲಿನ ವಲಸೆ ಇಲಾಖೆ ಕುಟುಂಬ ಎಷ್ಟು ಸ್ಥಿತಿವಂತ ಎಂದು ಕೇಳುವುದಿಲ್ಲ; ಹೊಸ ದೇಶದಲ್ಲಿ ಕೆಲಸ ಸಿಗುವವರೆಗೆ ಬಾಡಿಗೆ ಕಟ್ಟಿ ಉಣ್ಣಲು ಬೇಕಾದ ಹಣ ಅರ್ಜಿದಾರರ ಕೈಗೆಟುಕುವ ಖಾತೆಯಲ್ಲಿ ಇದೆಯೇ, ಅದು ಎಲ್ಲಿಂದ ಬಂತು ಎಂದಷ್ಟೇ ಕೇಳುತ್ತದೆ. ಈ ಎರಡು ಪ್ರಶ್ನೆಗಳಿಗೆ ಕಾಗದದಲ್ಲಿ ಉತ್ತರ ಸಿದ್ಧಪಡಿಸಲು ಕಡಿಮೆಯೆಂದರೂ ಆರೇಳು ತಿಂಗಳು ಹಿಡಿಯುತ್ತದೆ. ಅರ್ಜಿ ಸಲ್ಲಿಸಲು ಕೆನಡಾದಿಂದ ಆಹ್ವಾನ ಬಂದ ಮೇಲೆ ನೋಡಿದರಾಯಿತು ಎಂದು ಕುಳಿತವರಿಗೆ ಸಿಗುವುದು 60 ದಿನ ಮಾತ್ರ.

ಮೊದಲು, ‘ಪ್ರೂಫ್ ಆಫ್ ಫಂಡ್ಸ್’ ಅಂದರೆ ಹಣ ಇರುವುದನ್ನು ತೋರಿಸುವ ಈ ದಾಖಲೆ ನಿಮಗೆ ಬೇಕೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಎಕ್ಸ್‌ಪ್ರೆಸ್ ಎಂಟ್ರಿ ಎಂಬ, ಕುಶಲ ಕೆಲಸಗಾರರ ವಲಸೆ ಅರ್ಜಿಗಳ ಆನ್‌ಲೈನ್ ವ್ಯವಸ್ಥೆಯಲ್ಲಿ ಫೆಡರಲ್ ಸ್ಕಿಲ್ಡ್ ವರ್ಕರ್ ಮತ್ತು ಫೆಡರಲ್ ಸ್ಕಿಲ್ಡ್ ಟ್ರೇಡ್ಸ್ ವಿಭಾಗಗಳ ಅರ್ಜಿದಾರರಿಗೆ ಇದು ಕಡ್ಡಾಯ. ಕೆನಡಾದಲ್ಲಿ ಈಗಾಗಲೇ ದುಡಿದ ಅನುಭವದ ಮೇಲೆ ಕೆನಡಿಯನ್ ಎಕ್ಸ್‌ಪೀರಿಯನ್ಸ್ ಕ್ಲಾಸ್‌ನಲ್ಲಿ ಆಹ್ವಾನ ಪಡೆದವರಿಗೆ ಬೇಕಿಲ್ಲ. ಅಲ್ಲಿ ಕೆಲಸ ಮಾಡಲು ಪರವಾನಗಿಯೂ ಮಾನ್ಯ ಉದ್ಯೋಗದ ಆಹ್ವಾನವೂ ಎರಡೂ ಇರುವವರಿಗೂ ವಿನಾಯಿತಿ ಇದೆ. ವಿನಾಯಿತಿ ಇದ್ದರೂ ಆನ್‌ಲೈನ್ ವ್ಯವಸ್ಥೆ ಈ ದಾಖಲೆಯನ್ನು ಕೇಳಬಹುದು; ಆಗ ತಮಗೆ ಇದು ಏಕೆ ಅನ್ವಯಿಸುವುದಿಲ್ಲ ಎಂದು ವಿವರಿಸುವ ಪತ್ರವನ್ನು ಆ ಜಾಗದಲ್ಲಿ ಸೇರಿಸಬೇಕು.

ಎಷ್ಟು ಹಣ, ಎಷ್ಟು ತಲೆ

ಮೊತ್ತವನ್ನು ಕೆನಡಾ ಸರ್ಕಾರ ಅಲ್ಲಿನ ಕಡಿಮೆ ಆದಾಯದ ಮಟ್ಟದ ಅರ್ಧದಷ್ಟು ಎಂದು ಲೆಕ್ಕ ಹಾಕಿ ಪ್ರತಿವರ್ಷ ಪರಿಷ್ಕರಿಸುತ್ತದೆ. 2025ರ ಜುಲೈಯಲ್ಲಿ ಪ್ರಕಟವಾದ ಪಟ್ಟಿಯ ಪ್ರಕಾರ ಒಬ್ಬರಿಗೆ 15,263 ಕೆನಡಾ ಡಾಲರ್, ಇಬ್ಬರಿಗೆ 19,001, ಮೂವರಿಗೆ 23,360, ನಾಲ್ವರಿಗೆ 28,362 ಡಾಲರ್ ಬೇಕು. ಡಾಲರಿಗೆ 65 ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿದರೆ ಮೂವರ ಕುಟುಂಬಕ್ಕೆ 15,18,400 ರೂಪಾಯಿ ಆಗುತ್ತದೆ. ವಿನಿಮಯ ದರ ಏರಿದರೂ ಹೊಸ ಪಟ್ಟಿ ಬಂದರೂ ಕೊರತೆ ಬೀಳದಂತೆ ನೂರಕ್ಕೆ ಹತ್ತರಷ್ಟನ್ನಾದರೂ ಹೆಚ್ಚು ಇಟ್ಟುಕೊಳ್ಳುವುದು ಒಳ್ಳೆಯದು. ಏಕೆಂದರೆ ಈ ಹಣ ಅರ್ಜಿ ಹಾಕುವ ದಿನ ಮಾತ್ರವಲ್ಲ, ವೀಸಾ ಕೈಗೆ ಬರುವ ದಿನವೂ ಇರಬೇಕೆಂಬುದು ನಿಯಮ. ಹೊಸ ಪಟ್ಟಿ ಬಂದಾಗ ಆ ಆನ್‌ಲೈನ್ ವ್ಯವಸ್ಥೆಯ ಪ್ರೊಫೈಲ್‌ನಲ್ಲಿ ನಮೂದಿಸಿದ ಮೊತ್ತವನ್ನೂ ತಿದ್ದಬೇಕು. ಅರ್ಜಿ ಶುಲ್ಕ, ವೈದ್ಯಕೀಯ ತಪಾಸಣೆ, ವಿಮಾನದ ಟಿಕೆಟ್‌ಗಳ ಖರ್ಚು ಇದರಿಂದ ಹೊರಗೆ.

ಕುಟುಂಬದ ಗಾತ್ರದ ವಿಷಯದಲ್ಲಿ ನಮ್ಮವರು ಎರಡು ಬಗೆಯಲ್ಲಿ ತಪ್ಪುತ್ತಾರೆ. ರೇಷನ್ ಕಾರ್ಡಿನಲ್ಲಿ ಎಂಟು ಹೆಸರಿದ್ದರೂ ತಂದೆ, ತಾಯಿ, ತಮ್ಮಂದಿರು ಈ ಲೆಕ್ಕಕ್ಕೆ ಬರುವುದಿಲ್ಲ. ಅರ್ಜಿದಾರರು, ಅವರ ಗಂಡ ಅಥವಾ ಹೆಂಡತಿ, ಮದುವೆಯಾಗದ 22 ವರ್ಷದೊಳಗಿನ ಮಕ್ಕಳು ಮಾತ್ರ ಬರುತ್ತಾರೆ. ಇನ್ನೊಂದು ತಪ್ಪು ಇದಕ್ಕೆ ತಿರುಗುಮುರುಗು: ‘ಮೊದಲು ನಾನೊಬ್ಬನೇ ಹೋಗುತ್ತೇನೆ, ಹೆಂಡತಿ ಮಕ್ಕಳು ಆಮೇಲೆ ಬರುತ್ತಾರೆ’ ಎಂದು ಒಬ್ಬರ ಮೊತ್ತವನ್ನಷ್ಟೇ ತೋರಿಸುವುದು. ಜೊತೆಯಲ್ಲಿ ಬರದಿದ್ದರೂ ಹೆಂಡತಿ ಮಕ್ಕಳನ್ನು ಎಣಿಸಲೇಬೇಕು.

ಯಾವುದು ಹಣ, ಯಾವುದು ಹಣವಲ್ಲ

ಉಳಿತಾಯ ಖಾತೆಯ ಹಣ, ಬೇಕೆಂದಾಗ ಮುರಿಸಬಹುದಾದ ಮುದ್ದತಿನ ಠೇವಣಿ ನೇರವಾಗಿ ಲೆಕ್ಕಕ್ಕೆ ಸಿಗುತ್ತವೆ. ಹೂಡಿಕೆ ಖಾತೆಗಳನ್ನೂ ತೋರಿಸಬಹುದು. ಆದರೆ ಮಾರುಕಟ್ಟೆ ಇಳಿದ ವಾರದಲ್ಲಿ ಮೊತ್ತ ಕೆಳಗಾದರೆ ಕಷ್ಟ. ಹೊಲ, ಮನೆ, ಪ್ಲಾಟಿನ ಬೆಲೆ ಲೆಕ್ಕಕ್ಕೆ ಬರುವುದಿಲ್ಲ. ಅವು ಎಷ್ಟು ಕೋಟಿ ಬಾಳಿದರೂ ಅಷ್ಟೇ. ತಿಜೋರಿಯಲ್ಲಿರುವ ಬಂಗಾರವನ್ನಾಗಲಿ, ನೌಕರಿ ಬಿಡುವ ಮೊದಲು ಪೂರ್ತಿ ಕೈಗೆ ಸಿಗದ ಭವಿಷ್ಯ ನಿಧಿಯನ್ನಾಗಲಿ, ಹದಿನೈದು ವರ್ಷದ ಪಿಪಿಎಫ್ ಅನ್ನಾಗಲಿ ನೆಚ್ಚಿಕೊಳ್ಳಬಾರದು. ಲೆಕ್ಕ ಪರಿಶೋಧಕರು ಬರೆದುಕೊಡುವ ‘ನೆಟ್‌ವರ್ತ್’ ಪ್ರಮಾಣಪತ್ರವನ್ನು ಅಂದವಾಗಿ ಬೈಂಡ್ ಮಾಡಿಸಿ ತರುವವರು ಬಹಳ. ಅದು ಬ್ಯಾಂಕಿನ ಪತ್ರಕ್ಕೆ ಬದಲಿಯಾಗದು.

ಪತ್ತಿನ ಸಂಘಗಳ ಬಗ್ಗೆ ಒಂದು ಮಾತು. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಹಕಾರ ಸಂಘ ಹುಟ್ಟಿದ ನೆಲ ಇದು. ಇಲ್ಲಿನವರಿಗೆ ಸಂಘದ ಮೇಲಿರುವ ನಂಬಿಕೆಗೆ ಇತಿಹಾಸವಿದೆ. ಆದರೂ ಪತ್ತಿನ ಸಂಘ ಬ್ಯಾಂಕಲ್ಲ, ಅದರ ಠೇವಣಿಗೆ ಬ್ಯಾಂಕ್ ಠೇವಣಿಗಿರುವ 5 ಲಕ್ಷ ರೂಪಾಯಿವರೆಗಿನ ವಿಮೆಯೂ ಇಲ್ಲ. ಸಾವಿರಾರು ಮೈಲಿ ದೂರದಲ್ಲಿ ಕುಳಿತು ಕಡತ ನೋಡುವ ಅಧಿಕಾರಿಗೆ ಸಂಘದ ಪಾಸ್‌ಬುಕ್ಕಿನ ಕನ್ನಡ ನಮೂದುಗಳನ್ನು ಅರ್ಥಮಾಡಿಸುವುದಕ್ಕಿಂತ, ಮುದ್ದತು ತೀರಿದ ಕೂಡಲೇ ಆ ಹಣವನ್ನು ಬ್ಯಾಂಕ್ ಖಾತೆಗೆ ವರ್ಗಾಯಿಸಿ, ಸಂಘದ ರಸೀದಿಯನ್ನು ಮೂಲದ ದಾಖಲೆಯಾಗಿ ಇಟ್ಟುಕೊಳ್ಳುವುದು ಸುಲಭ.

ಹಣದ ಮೂಲ

ಕಡತದ ಜೀವಾಳ ಇರುವುದು ಇಲ್ಲಿ. ಬ್ಯಾಡಗಿ ಕಡೆಯ ರೈತ ಕುಟುಂಬದ, ಹೆಂಡತಿ ಮತ್ತು ಒಂದು ಮಗು ಇರುವ ಎಂಜಿನಿಯರ್ ಒಬ್ಬನನ್ನು ಊಹಿಸಿಕೊಳ್ಳೋಣ. ಅವನ ಸಂಬಳದ ಉಳಿತಾಯ 8 ಲಕ್ಷ. ಉಳಿದದ್ದನ್ನು ಅಪ್ಪ ಮೆಣಸಿನಕಾಯಿ ಮಾರಿದ ಹಣದಲ್ಲಿ ಕೊಡುತ್ತಾರೆ. ಮಾರ್ಚ್‌ನಲ್ಲಿ ಒಮ್ಮೆಲೇ 9 ಲಕ್ಷ ರೂಪಾಯಿ ಮಗನ ಖಾತೆಗೆ ಜಮೆಯಾದರೆ ಹಾವೇರಿ ಜಿಲ್ಲೆಯವರಿಗೆ ಅದರಲ್ಲಿ ಅನುಮಾನ ಪಡುವಂಥದ್ದೇನೂ ಕಾಣದು. ವರ್ಷದ ಪೀಕು ಒಂದೇ ಹಂಗಾಮಿನಲ್ಲಿ ಹಣವಾಗುವುದನ್ನು ನಾವು ಬಲ್ಲೆವು. ಕೆನಡಾದ ಅಧಿಕಾರಿಗೆ ಮಾತ್ರ ಅದು ಅರ್ಜಿಗೆ ಮುಂಚೆ ಯಾರಿಂದಲೋ ತಂದು ತುಂಬಿಸಿದ ಹಣದಂತೆ ತೋರುತ್ತದೆ. ಆದ್ದರಿಂದ ಅಪ್ಪ ಮಾರುಕಟ್ಟೆಯಿಂದ ತಂದ ಮಾರಾಟದ ಪಟ್ಟಿಗಳು, ದಲಾಲರ ಅಂಗಡಿಯಿಂದ ಅವರ ಖಾತೆಗೆ ಹಣ ಬಂದ ನಮೂದು, ಹೊಲದ ಉತಾರ, ಅಪ್ಪನ ಖಾತೆಯಿಂದ ಮಗನ ಖಾತೆಗೆ ಹಣ ಹೋದ ದಿನದ ಸ್ಟೇಟ್‌ಮೆಂಟ್ ಇವೆಲ್ಲವೂ ಒಂದಕ್ಕೊಂದು ಕೊಂಡಿಯಂತೆ ಕೂಡಬೇಕು. ಕೊಂಡಿಯ ನಡುವೆ ಎಲ್ಲಿಯೂ ನಗದು ಬರದಂತೆ ನೋಡಿಕೊಳ್ಳಬೇಕು.

ಅಪ್ಪ ಕೊಡುವುದು ದಾನವಾದರೆ ಅದಕ್ಕೆ ದಾನಪತ್ರ ಬೇಕು. ಕೊಡುವವರು, ಪಡೆಯುವವರು, ಅವರ ಸಂಬಂಧ, ಮೊತ್ತ, ವರ್ಗಾವಣೆಯ ದಿನಾಂಕ, ಖಾತೆ ಸಂಖ್ಯೆ ಮತ್ತು ಈ ಹಣವನ್ನು ಮರಳಿ ಕೊಡಬೇಕಾಗಿಲ್ಲ ಎಂಬ ಸ್ಪಷ್ಟ ಮಾತನ್ನು ಛಾಪಾ ಕಾಗದದಲ್ಲಿ ಬರೆಸಿ ನೋಟರಿ ಮಾಡಿಸುವುದು ವಾಡಿಕೆ. ತಂದೆ ತಾಯಿ, ಒಡಹುಟ್ಟಿದವರು, ಚಿಕ್ಕಪ್ಪ, ಸೋದರಮಾವ ಮುಂತಾದ ಹತ್ತಿರದ ಸಂಬಂಧಿಕರ ದಾನಕ್ಕೆ ಪಡೆದವರು ಆದಾಯ ತೆರಿಗೆ ಕಟ್ಟಬೇಕಿಲ್ಲ. ಆದರೆ ದೊಡ್ಡಪ್ಪನ ಮಗನಾಗಲಿ ಗೆಳೆಯನಾಗಲಿ ವರ್ಷಕ್ಕೆ 50,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ಅದು ಪಡೆದವರ ಆದಾಯಕ್ಕೆ ಸೇರುತ್ತದೆ.

ಇನ್ನು ಕೈಗಡದ ವಿಚಾರ. ಬೀಗರಿಂದ ನಾಲ್ಕು ತಿಂಗಳಿಗೆಂದು ಹಣ ತಂದು ಖಾತೆಯಲ್ಲಿ ನಿಲ್ಲಿಸುವುದು, ಕಮಿಷನ್ ಪಡೆದು ‘ಬ್ಯಾಲೆನ್ಸ್ ತೋರಿಸಿಕೊಡುವ’ ಏಜೆಂಟರನ್ನು ಹಿಡಿಯುವುದು, ಬ್ಯಾಂಕಿನ ವೈಯಕ್ತಿಕ ಸಾಲ ಎತ್ತುವುದು, ಇವು ಯಾವುವೂ ನಡೆಯುವುದಿಲ್ಲ. ಸಾಲದ ಹಣ ಸಲ್ಲದು ಎಂದು ನಿಯಮ ನೇರವಾಗಿಯೇ ಹೇಳುತ್ತದೆ. ಕೈಗಡವನ್ನೇ ದಾನಪತ್ರದಲ್ಲಿ ಸುತ್ತಿ ಕೊಟ್ಟು ಅದು ಹೊರಬಿದ್ದರೆ ಸುಳ್ಳು ಮಾಹಿತಿ ಎಂದಾಗುತ್ತದೆ. ಅದಕ್ಕೆ ಅರ್ಜಿ ತಿರಸ್ಕಾರದ ಜೊತೆಗೆ ಐದು ವರ್ಷದ ನಿಷೇಧವಿದೆ.

ಪ್ಲಾಟು ಮಾರಿ ಹಣ ಹೊಂದಿಸುವವರು ಖರೀದಿ ಪತ್ರದಲ್ಲಿ ಪೂರ್ತಿ ಮೊತ್ತವನ್ನು ಬರೆಸಬೇಕು. ಅರ್ಧ ಕಾಗದದ ಮೇಲೆ, ಅರ್ಧ ಕೈಯಲ್ಲಿ ಎಂಬ ನಮ್ಮ ಊರುಗಳ ಹಳೆಯ ಚಾಳಿ ತೆರಿಗೆ ಕಾನೂನಿಗೂ ವಿರುದ್ಧ, ಕೈಯಲ್ಲಿ ಬಂದ ಆ ಅರ್ಧ ಈ ಕಡತಕ್ಕೂ ದಕ್ಕದು. ಬಂಗಾರ ಮಾರುವವರೂ ಸರಾಫರಿಂದ ಬಿಲ್ಲು ಪಡೆದು ಹಣವನ್ನು ಖಾತೆಗೇ ಹಾಕಿಸಿಕೊಳ್ಳಬೇಕು. ಖರೀದಿ ಪತ್ರ, ಉತಾರ, ಮಾರಾಟದ ಪಟ್ಟಿ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ, ಅನುವಾದಕರ ಪ್ರಮಾಣಪತ್ರ, ಮೂಲದ ದೃಢೀಕೃತ ಪ್ರತಿ ಮೂರೂ ಬೇಕು. ಅನುವಾದವನ್ನು ಅರ್ಜಿದಾರರಾಗಲಿ ಅವರ ಮನೆಯವರಾಗಲಿ ಮಾಡುವಂತಿಲ್ಲ. ಇಂಗ್ಲಿಷ್ ಮೇಷ್ಟ್ರಾಗಿರುವ ಅಣ್ಣನೂ ಮಾಡುವಂತಿಲ್ಲ.

ಬ್ಯಾಂಕಿನ ಪತ್ರ

ಶಾಖೆಗೆ ಹೋಗಿ ‘ಬ್ಯಾಲೆನ್ಸ್ ಸರ್ಟಿಫಿಕೇಟ್’ ಎಂದು ಕೇಳಿದರೆ ಎರಡು ಸಾಲಿನ ಕಾಗದ ಸಿಗುತ್ತದೆ, ಅದು ಸಾಲದು. ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಶಾಖೆಯ ವಿಳಾಸ, ದೂರವಾಣಿ, ಇಮೇಲ್, ಅರ್ಜಿದಾರರ ಹೆಸರು, ಪ್ರತಿ ಖಾತೆಯ ಸಂಖ್ಯೆ, ಖಾತೆ ತೆರೆದ ದಿನಾಂಕ, ಈಗಿನ ಶಿಲ್ಕು, ಹಿಂದಿನ ಆರು ತಿಂಗಳ ಸರಾಸರಿ ಶಿಲ್ಕು ಮತ್ತು ಬಾಕಿ ಸಾಲಗಳ ವಿವರ ಇರಬೇಕು. ಹೆಚ್ಚಿನ ಪತ್ರಗಳಲ್ಲಿ ತಪ್ಪಿಹೋಗುವುದು ಕೊನೆಯ ಎರಡು. ಆರು ತಿಂಗಳ ಸರಾಸರಿಯನ್ನು ಬರೆದುಕೊಡಲು ಕೆಲವು ಶಾಖೆಗಳು ಒಪ್ಪುವುದಿಲ್ಲ. ಆಗ ಮೊಹರು ಹಾಕಿಸಿದ ಆರು ತಿಂಗಳ ಸ್ಟೇಟ್‌ಮೆಂಟನ್ನೂ ಬ್ಯಾಂಕ್ ನಿರಾಕರಿಸಿದ್ದನ್ನು ತಿಳಿಸುವ ನಿಮ್ಮ ವಿವರಣೆ ಪತ್ರವನ್ನೂ ಜೊತೆಗಿಡಬೇಕು. ಸಾಲ ಇಲ್ಲದಿದ್ದರೆ ‘ಸಾಲವಿಲ್ಲ’ ಎಂದೇ ಬರೆಸಬೇಕು. ಇದ್ದರೆ ಮುಚ್ಚಿಡದೆ ತೋರಿಸಬೇಕು. ತೀರಿಸಿದ ಬಂಗಾರದ ಸಾಲ ದಾಖಲೆಯಲ್ಲಿ ಇನ್ನೂ ಉಳಿದಿದೆಯೇ ಎಂದು ನೋಡಿ, ಉಳಿದಿದ್ದರೆ ಮೊದಲು ಬೇಬಾಕಿ ಪತ್ರ ಪಡೆಯಬೇಕು.

ಬ್ಯಾಂಕುಗಳ ವಿಲೀನದಿಂದಲೂ ನಮ್ಮ ಭಾಗದಲ್ಲಿ ಸಣ್ಣ ಗೊಂದಲವಿದೆ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿತು. ಧಾರವಾಡದಲ್ಲಿ ಕೇಂದ್ರ ಕಚೇರಿ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಬಳ್ಳಾರಿ ಕೇಂದ್ರದ ಕರ್ನಾಟಕ ಗ್ರಾಮೀಣ ಬ್ಯಾಂಕ್‌ನ ಭಾಗವಾಗಿದೆ. ಹಳೆಯ ಪಾಸ್‌ಬುಕ್ಕಿನಲ್ಲಿ ಒಂದು ಹೆಸರು, ಪತ್ರದಲ್ಲಿ ಇನ್ನೊಂದು ಹೆಸರು ಬಂದರೆ ವಿವರಣೆ ಪತ್ರದಲ್ಲಿ ಒಂದು ಸಾಲು ಬರೆದರೆ ಸಾಕು. ಖಾತೆ ತೆರೆದ ದಿನಾಂಕ ಮಾತ್ರ ಮೂಲದ್ದೇ ಬಂದಿದೆಯೇ ಎಂದು ಪಾಸ್‌ಬುಕ್ಕಿನೊಂದಿಗೆ ತಾಳೆ ನೋಡಬೇಕು. ಹೆಂಡತಿಯ ಖಾತೆ ತವರಿನ ಅಡ್ಡಹೆಸರಿನಲ್ಲಿದ್ದು ಪಾಸ್‌ಪೋರ್ಟ್‌ನಲ್ಲಿ ಗಂಡನ ಅಡ್ಡಹೆಸರಿದ್ದರೆ ಅದನ್ನು ಆರು ತಿಂಗಳ ಮೊದಲೇ ಸರಿಪಡಿಸಿಕೊಳ್ಳುವುದು ಮೇಲು. ಜೊತೆಯಲ್ಲಿ ಹೊರಟ ಹೆಂಡತಿಯೊಂದಿಗಿನ ಜಂಟಿ ಖಾತೆಯ ಹಣ ಲೆಕ್ಕಕ್ಕೆ ಬರುತ್ತದೆ. ಅವರೊಬ್ಬರದೇ ಖಾತೆಯಾದರೆ ಆ ಹಣ ನಿಮ್ಮ ಕೈಗೂ ಸಿಗುತ್ತದೆ ಎಂದು ಸಾಬೀತುಪಡಿಸಬೇಕು.

ಎಲ್ಲ ಕಾಗದಗಳನ್ನೂ ಸ್ಕ್ಯಾನ್ ಮಾಡಿ ಒಂದೇ ಫೈಲ್ ಮಾಡಬೇಕು: ಮೊದಲು ವಿವರಣೆ ಪತ್ರ, ನಂತರ ಬ್ಯಾಂಕಿನ ಪತ್ರಗಳು, ಸ್ಟೇಟ್‌ಮೆಂಟ್‌ಗಳು, ಕೊನೆಗೆ ಮೂಲದ ದಾಖಲೆಗಳು. ಫೈಲ್‌ನ ಗಾತ್ರ 4 ಎಂಬಿ ಮೀರುವಂತಿಲ್ಲವಾದ್ದರಿಂದ ಕಪ್ಪು–ಬಿಳುಪಿನಲ್ಲಿ ಸ್ಕ್ಯಾನ್ ಮಾಡಿಸಿ, ಅಕ್ಷರ ಓದಲು ಬರುತ್ತದೆಯೇ ಎಂದು ನೋಡಿಕೊಳ್ಳಬೇಕು.

ವೀಸಾ ಬಂದ ಮೇಲೆ ಹಣ ಸಾಗಿಸುವಾಗಲೂ ಲೆಕ್ಕ ತಪ್ಪಬಾರದು. ಭಾರತದ ನಿವಾಸಿಯೊಬ್ಬರು ಒಂದು ಆರ್ಥಿಕ ವರ್ಷದಲ್ಲಿ 2,50,000 ಅಮೆರಿಕ ಡಾಲರ್‌ವರೆಗೆ ಹೊರದೇಶಕ್ಕೆ ಕಳುಹಿಸಬಹುದು. ಓದು, ಚಿಕಿತ್ಸೆ ಬಿಟ್ಟು ಇಂಥ ಉದ್ದೇಶಗಳಿಗೆ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಭಾಗದ ಮೇಲೆ ಬ್ಯಾಂಕ್ ಶೇ 20ರಷ್ಟು ತೆರಿಗೆಯನ್ನು ಮುಂಗಡವಾಗಿ ವಸೂಲು ಮಾಡುತ್ತದೆ. ನಮ್ಮ ಬ್ಯಾಡಗಿಯ ಎಂಜಿನಿಯರ್ 15,18,400 ರೂಪಾಯಿಯನ್ನು ಒಂದೇ ವರ್ಷದಲ್ಲಿ ತನ್ನೊಬ್ಬನ ಹೆಸರಿನಿಂದ ಕಳುಹಿಸಿದರೆ 1,03,680 ರೂಪಾಯಿ ಹೀಗೆ ಕಡಿತವಾಗುತ್ತದೆ. ರಿಟರ್ನ್ ಸಲ್ಲಿಸುವಾಗ ಅದನ್ನು ತೆರಿಗೆಗೆ ಹೊಂದಿಸಿಕೊಳ್ಳಬಹುದು ಅಥವಾ ಮರಳಿ ಪಡೆಯಬಹುದು, ಆದರೆ ಅಲ್ಲಿಯವರೆಗೆ ಆ ಹಣ ಕೈಯಲ್ಲಿರುವುದಿಲ್ಲ. ಹೆಂಡತಿಯ ಸ್ವಂತ ಉಳಿತಾಯವನ್ನು ಅವರ ಖಾತೆಯಿಂದಲೇ ಕಳುಹಿಸಿದರೆ ಅವರಿಗೆ ಪ್ರತ್ಯೇಕ ಮಿತಿ ಸಿಗುತ್ತದೆ. ಮಾರ್ಚ್ 31ರ ಈಚೆಗೊಂದು, ಆಚೆಗೊಂದು ಕಂತಿನಲ್ಲಿ ಕಳುಹಿಸುವವರೂ ಇದ್ದಾರೆ. ಹೇಗೆ ಒಯ್ದರೂ, ನಗದು, ಡ್ರಾಫ್ಟ್ ಎಲ್ಲ ಸೇರಿ 10,000 ಕೆನಡಾ ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಜೊತೆಯಲ್ಲಿದ್ದರೆ ವಿಮಾನ ಇಳಿದ ಕೂಡಲೇ ಗಡಿ ಅಧಿಕಾರಿಗೆ ಘೋಷಿಸಬೇಕು. ಬ್ಯಾಂಕ್ ಪತ್ರಗಳ ಒಂದು ಪ್ರತಿ ಚೀಲದ ತಳದಲ್ಲಿರದೆ ಪಾಸ್‌ಪೋರ್ಟ್ ಜೊತೆಗೇ ಇರಲಿ, ಆ ಮೇಜಿನ ಮುಂದೆ ಅದನ್ನು ಕೇಳಬಹುದು.