ತಿಂಡಿ ಆದಮೇಲಿನ ಸ್ಟ್ರಿಪ್: ಬಸುರಿ ಶುಗರ್, ನನ್ನ ಅನುಭವ

ಬಸುರಿಯರ ಶುಗರನ್ನು ನಮ್ಮ ತಾಲೂಕು ಕ್ಲಿನಿಕ್ಕಿನಲ್ಲೇ ಪತ್ತೆಮಾಡಿ ಚಿಕಿತ್ಸೆ ಕೊಡುತ್ತೇನೆ. ಫಾಸ್ಟಿಂಗ್ (ಖಾಲಿ ಹೊಟ್ಟೆಯ ಶುಗರ್) ನೋಡದೆ ಒಂದೇ ರೀಡಿಂಗಿನಲ್ಲಿ ಜಿಡಿಎಂ, ಅಂದರೆ ಬಸುರಿನಲ್ಲಿ ಬರುವ ಸಕ್ಕರೆ ಕಾಯಿಲೆ, ಅಂತ ಹೇಳೋದು ಹೇಗೆ, ಎಂಡೋಕ್ರಿನಾಲಜಿಸ್ಟ್ (ಹಾರ್ಮೋನ್, ಶುಗರ್ ತಜ್ಞ) ಇಲ್ಲದ ತಾಲೂಕು ಕ್ಲಿನಿಕ್ಕಿನಲ್ಲಿ ಇನ್ಸುಲಿನ್ ಶುರು ಮಾಡೋದು ಹೇಗೆ ಅಂತ ಮೂಗು ಮುರಿದವರೇ ಈಗ ತಮ್ಮ ಕೇಸುಗಳ ಚಾರ್ಟ್ ಫೋಟೋ ತೆಗೆದು ನನಗೆ ಕಳಿಸುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ನಾವು ಮಾಡುವ ಡಿಪ್ಸಿ ಟೆಸ್ಟ್ ಅಂದರೆ ಇಷ್ಟು: ಊಟ ಆಗಿದ್ದರೂ ಇಲ್ಲದಿದ್ದರೂ 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆಗೆ ರಕ್ತದ ಶುಗರ್ 140 ಅಥವಾ ಹೆಚ್ಚಿದ್ದರೆ ಜಿಡಿಎಂ. ಅದು ಎಲ್ಲೆಲ್ಲಿ ಕೈಕೊಡುತ್ತದೆ ಅನ್ನೋದಷ್ಟೇ ನನ್ನ ವಿಷಯ.

ಮೊದಲನೆಯದು ಪುಡಿ. ಪೊಟ್ಟಣದ ಮೇಲೆ ಡೆಕ್ಸ್‌ಟ್ರೋಸ್ ಮೊನೊಹೈಡ್ರೇಟ್ ಅಂತ ಇದ್ದರೆ ಅದರ 75 ಗ್ರಾಂನಲ್ಲಿ ಗ್ಲೂಕೋಸ್ ಇರೋದು 68 ಗ್ರಾಂ, ಉಳಿದದ್ದು ನೀರು. 82.5 ಗ್ರಾಂ ತೂಗಬೇಕು. ಚಮಚದ ಲೆಕ್ಕ ಬೇಡ. ಅಡುಗೆಮನೆ ಡಿಜಿಟಲ್ ತಕ್ಕಡಿಗೆ ನಾನೂರು ರೂಪಾಯಿಯೂ ಆಗೋದಿಲ್ಲ. 300 ಎಂಎಲ್ ತಣ್ಣೀರು, ಬೇಕಿದ್ದರೆ ಅರ್ಧ ನಿಂಬೆಹಣ್ಣು. ಐದರಿಂದ ಹತ್ತು ನಿಮಿಷದಲ್ಲಿ ಲೋಟ ಖಾಲಿಯಾಗಬೇಕು, ಗಡಿಯಾರ ಮೊದಲ ಗುಟುಕಿನಿಂದ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಮಾರನೇ ದಿನ ಮತ್ತೆ. ಆಮೇಲೆ ಆದರೆ ಮುಂದುವರಿಸಿ.  

ಎರಡನೆಯದು ಬೆರಳು. ಗ್ಲೂಕೋಸ್ ನೀರು ತುಳುಕಿದ ಕೈಯಿಂದಲೇ ರಕ್ತ ತೆಗೆದರೆ ಮೀಟರ್ 280, 300 ತೋರಿಸುತ್ತದೆ. ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ಅಂಟು ಪೂರ್ತಿ ಹೋಗೋದಿಲ್ಲ. ಸೋಪು, ನೀರು, ಬಟ್ಟೆಯಲ್ಲಿ ಒಣಗಿಸುವುದು, ಆಮೇಲೆ ಚುಚ್ಚುವುದು. ಸ್ಟ್ರಿಪ್ ಡಬ್ಬಿಯ ಮುಚ್ಚಳ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ತೆರೆದಿದ್ದರೂ ನಾನು ಆ ಡಬ್ಬಿಯನ್ನು ನಂಬೋದಿಲ್ಲ. ಸ್ಟ್ರಿಪ್ ಒಂದಕ್ಕೆ ಹದಿನೈದರಿಂದ ಇಪ್ಪತ್ತೈದು ರೂಪಾಯಿ, ಎಸೆಯೋಕೆ ಹೊಟ್ಟೆ ಉರಿಯುತ್ತದೆ, ಆದರೂ ಎಸೆಯಿರಿ.

ಮೂರನೆಯದು ರಕ್ತಹೀನತೆ. ಇದನ್ನು ಬಹಳ ಜನ ಮರೆಯುತ್ತಾರೆ. ಹಿಮೋಗ್ಲೋಬಿನ್ 7, 8 ಇರುವವರಲ್ಲಿ ಮೀಟರ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಊಟವೋ ಗ್ಲೂಕೋಸೋ ಒಳಗೆ ಹೋದಮೇಲೆ ಬೆರಳ ರಕ್ತದ ಶುಗರ್ ನರದ ರಕ್ತದ್ದಕ್ಕಿಂತ ಮೇಲೇ ಇರುತ್ತದೆ, ಅದೂ ಸೇರಿತು. ಅದಕ್ಕೇ 130ರಿಂದ 155ರವರೆಗೆ ಬಂದರೆ ನಾನು ನರದಿಂದಲೂ ತೆಗೆದು ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬಿನಲ್ಲಿ ಲ್ಯಾಬಿಗೆ ಕಳಿಸುತ್ತೇನೆ; ರಕ್ತದೊಳಗಿನ ಗ್ಲೂಕೋಸ್ ಕರಗದಿರಲಿ ಅಂತ ಆ ಫ್ಲೋರೈಡ್. ಅಲ್ಲೂ ಒಂದು ತೊಡಕಿದೆ. ಫ್ಲೋರೈಡ್ ಹಾಕಿದ ತಕ್ಷಣ ಗ್ಲೂಕೋಸ್ ಕರಗೋದು ನಿಲ್ಲೋದಿಲ್ಲ, ಮೊದಲ ಒಂದೆರಡು ಗಂಟೆ ಇಳಿಯುತ್ತಲೇ ಇರುತ್ತದೆ. ಸ್ಯಾಂಪಲ್ ಬಸ್ಸಿನಲ್ಲಿ ಜಿಲ್ಲಾ ಕೇಂದ್ರಕ್ಕೆ ಹೋಗಿ ಮಧ್ಯಾಹ್ನ ಓದಿದರೆ 146 ಇದ್ದದ್ದು 134 ಆಗಿ ಬರುತ್ತದೆ, "ನಾರ್ಮಲ್" ಅಂತ ಮನೆಗೆ ಹೋಗುತ್ತಾರೆ. ಐಸ್ ನೀರಲ್ಲಿಟ್ಟು ಕೂಡಲೇ ಸೆಂಟ್ರಿಫ್ಯೂಜ್ ಮಾಡಿಸಿ (ಯಂತ್ರದಲ್ಲಿ ತಿರುಗಿಸಿ ರಕ್ತಕಣ ಬೇರ್ಪಡಿಸುವುದು), ಇಲ್ಲವೇ ಸ್ಥಳೀಯ ಲ್ಯಾಬೇ ಸಾಕು. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) ನೋಡಿ ಜಿಡಿಎಂ ಇಲ್ಲ ಅನ್ನುವವರಿಗೆ ನಮಸ್ಕಾರ; ಬಸುರಿನಲ್ಲಿ, ಅದೂ ರಕ್ತಹೀನತೆ ಇದ್ದಾಗ, ಅದನ್ನು ನಂಬೋ ಹಾಗಿಲ್ಲ.

ಶುಗರ್ ಇದ್ದೂ ಡಿಪ್ಸಿಯಲ್ಲಿ ಸಿಕ್ಕದೆ ಹೋಗುವವರೂ ಇದ್ದಾರೆ, ಮುಖ್ಯವಾಗಿ ಫಾಸ್ಟಿಂಗ್ ಒಂದೇ ಏರಿದವರು. ತೂಕ ಹೆಚ್ಚಿದ್ದು, ಹಿಂದಿನ ಮಗು ನಾಲ್ಕು ಕಿಲೋ ಹತ್ತಿರ ಹುಟ್ಟಿದ್ದರೆ ನಾನು ಫಾಸ್ಟಿಂಗ್ ಬೇರೆಯಾಗಿ ನೋಡುತ್ತೇನೆ.

ಮೊದಲ ಭೇಟಿಯಲ್ಲಿ ಮಾಡಿದ ಟೆಸ್ಟನ್ನು ಎರಡನೇ ಸಲ ಮಾಡುವ 24ರಿಂದ 28 ವಾರ ಅಂದರೆ ನಮ್ಮ ಕಡೆ ಸೀಮಂತದ ಹೊತ್ತು. ಸೀಮಂತ ಮುಗಿಯಿತು, ಹುಡುಗಿ ತವರಿಗೆ ಹೊರಟಳು, ಟೆಸ್ಟ್ ಹೋಯಿತು. ಈಗ ತಾಯಿ ಕಾರ್ಡಿನಲ್ಲಿ ವಾರದ ಬದಲು "ಸೀಮಂತಕ್ಕೆ ಮುಂಚೆ ಗ್ಲೂಕೋಸ್" ಅಂತ ಬರೆದು, ದಿನ ಯಾವಾಗ ಇಟ್ಟಿದ್ದೀರಿ ಅಂತ ಅತ್ತೆಯನ್ನೇ ಕೇಳುತ್ತೇವೆ. ಅವರು ಮರೆಯೋದಿಲ್ಲ.

ಇನ್ನು ಹಣದ ಲೆಕ್ಕ. ದಿನಕ್ಕೆ ನಾಲ್ಕು ಸಲ (ಖಾಲಿ ಹೊಟ್ಟೆಗೊಮ್ಮೆ, ತಿಂಡಿ, ಊಟ, ರಾತ್ರಿಯೂಟದ ಮೇಲೆ ಒಂದೊಂದು ಸಲ) ಚುಚ್ಚಿಕೊಳ್ಳಿ ಅಂದರೆ ತಿಂಗಳಿಗೆ ಎರಡು ಸಾವಿರ, ಎರಡೂವರೆ ಸಾವಿರ. ಮೂರನೇ ವಾರಕ್ಕೇ ಚಾರ್ಟಿನಲ್ಲಿ ಎಲ್ಲವೂ 112, 114, 110 ಅಂತ ಚೆಂದಾಗಿ ಬರೋಕೆ ಶುರುವಾಗುತ್ತದೆ. ಮೀಟರಿನ ಮೆಮೊರಿ ತೆಗೆದು ನೋಡಿದರೆ ಏನೂ ಇರೋದಿಲ್ಲ, ಎಲ್ಲ ಊಹೆಯಿಂದ ಬರೆದದ್ದು. ಊಟದಲ್ಲೇ ಹತೋಟಿಯಲ್ಲಿರುವವರಿಗೆ ನನ್ನ ಪದ್ಧತಿ: ವಾರದಲ್ಲಿ ಒಂದು ದಿನ ನಾಲ್ಕೂ ರೀಡಿಂಗ್, ಇನ್ನೆರಡು ದಿನ ತಿಂಡಿ ಆಗಿ ಎರಡು ಗಂಟೆಗೆ ಒಂದೊಂದು. ವಾರಕ್ಕೆ ಆರು ಸ್ಟ್ರಿಪ್. ಬೆಳಗ್ಗೆ ಹೊತ್ತು ದೇಹ ಇನ್ಸುಲಿನ್ ಮಾತು ಕೇಳೋದೇ ಕಡಿಮೆ, ಹಾಗಾಗಿ ಬಹುಪಾಲು ಮಂದಿಯಲ್ಲಿ ಮೊದಲು ಕೆಡೋದು ತಿಂಡಿಯ ರೀಡಿಂಗ್. ಅದು 120ರ ಕೆಳಗಿದ್ದು ಫಾಸ್ಟಿಂಗ್ 95ರ ಕೆಳಗಿದ್ದರೆ ರಾತ್ರಿಯದ್ದು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಇನ್ಸುಲಿನ್ ಮೇಲಿರುವವರಿಗೆ ಈ ಉಳಿತಾಯ ಅನ್ವಯಿಸೋದಿಲ್ಲ.

ತಿಂಡಿಯಲ್ಲಿ ಬದಲಾಯಿಸಿದ್ದು ಇಷ್ಟೇ: ನಾಲ್ಕು ಇಡ್ಲಿ ಹೋಗಿ ಎರಡು, ಜೊತೆಗೆ ಗಟ್ಟಿ ಬೇಳೆ ಸಾಂಬಾರು ಒಂದು ಬಟ್ಟಲು, ಹೆಸರುಕಾಳು ಉಸಲಿ ಅಥವಾ ಬೇಯಿಸಿದ ಮೊಟ್ಟೆ. ಕಡಿಮೆಯಾದ ಎರಡು ಇಡ್ಲಿ ಹತ್ತೂವರೆ ಹನ್ನೊಂದಕ್ಕೆ, ರೀಡಿಂಗ್ ತೆಗೆದಮೇಲೆ. ಊಟ ಕಡಿಮೆ ಮಾಡಿ ಅಂತ ಯಾವತ್ತೂ ಹೇಳಬೇಡಿ. ಉಪವಾಸ ಬೀಳುತ್ತಾರೆ, ಮೂತ್ರದಲ್ಲಿ ಕೀಟೋನ್ (ಮೈಯ ಕೊಬ್ಬು ಕರಗಿದಾಗ ಬರುವ ವಸ್ತು) ಬರುತ್ತದೆ, ಮಗುವಿನ ತೂಕ ನಿಲ್ಲುತ್ತದೆ.

ಶುಗರಿಗೆ ರಾಗಿ ಒಳ್ಳೆಯದು ಅನ್ನೋ ಮಾತಿಗೆ ಒಂದು ಚಿಕ್ಕ ಪ್ರಯೋಗ ಮಾಡಿದೆ. ತೋಳಿಗೆ ಅಂಟಿಸಿ ಶುಗರ್ ಅಳೆಯುವ ಹದಿನಾಲ್ಕು ದಿನದ ಸೆನ್ಸರ್, ಐದು ಸಾವಿರದ ಹತ್ತಿರ, ಇಬ್ಬರು ಒಪ್ಪಿದರು. ರಾಗಿ ಗಂಜಿ ಅನ್ನಕ್ಕಿಂತ ಬೇಗ ಏರಿಸಿತು, ಬೆಲ್ಲ ಹಾಕದೆಯೂ. ದೊಡ್ಡ ಮುದ್ದೆಗೆ 80 ಗ್ರಾಂ ಹಿಟ್ಟು, ಅಂದರೆ 55 ಗ್ರಾಂ ಕಾರ್ಬೋಹೈಡ್ರೇಟ್, ಅನ್ನದಷ್ಟೇ ಏರಿತು. ಅರ್ಧ ಮುದ್ದೆ, ಹುರುಳಿಕಾಳು ಬಸ್ಸಾರು, ಮೊದಲೇ ಒಂದು ತಟ್ಟೆ ಸೊಪ್ಪಿನ ಪಲ್ಯ ಅಂದಾಗ ರೇಖೆ ಚಪ್ಪಟೆಯಾಯಿತು. ತಂಗಳನ್ನ ಕಡಿಮೆ ಏರಿಸುತ್ತದೆ ಅನ್ನೋದರಲ್ಲಿ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. ಊಟವಾದ ಕೂಡಲೇ ಹದಿನೈದು ನಿಮಿಷ ಅಂಗಳದಲ್ಲಿ ಓಡಾಡಿದ್ದು ಹದಿನೈದಿಪ್ಪತ್ತು ಇಳಿಸಿತು, ಅದಕ್ಕೆ ಖರ್ಚೂ ಇಲ್ಲ. ಇಬ್ಬರ ತೋಳಿನ ಲೆಕ್ಕ ಇದು, ಹೆಚ್ಚು ಎಳೆಯಬೇಡಿ.

ಎರಡು ವಾರ ಊಟದ ಪಥ್ಯ ಸಾಲದಿದ್ದರೆ ಔಷಧ. ಮೆಟ್‌ಫಾರ್ಮಿನ್ ಮಾತ್ರೆ 20 ವಾರದ ನಂತರ, 500 ಎಂಜಿಯಿಂದ ಶುರು, ಊಟದ ಜೊತೆ. ಇನ್ಸುಲಿನ್ ಆದರೆ ಸರ್ಕಾರಿ ಮಾರ್ಗಸೂಚಿಯ 30/70 (ಬೇಗ ಕೆಲಸ ಮಾಡುವುದು 30 ಪಾಲು, ನಿಧಾನದ್ದು 70 ಪಾಲು ಬೆರೆಸಿದ್ದು): ಊಟವಾಗಿ ಎರಡು ಗಂಟೆಯ ರೀಡಿಂಗ್ 120ರಿಂದ 160 ಇದ್ದರೆ 4 ಯೂನಿಟ್, 200ರವರೆಗೆ 6, ದಾಟಿದರೆ 8, ತಿಂಡಿಗೆ ಅರ್ಧ ಗಂಟೆ ಮುಂಚೆ. ಫಾಸ್ಟಿಂಗ್ ಏರಿದ್ದರೆ ಈ ಬೆಳಗಿನ ಸೂಜಿ ಎಷ್ಟು ಏರಿಸಿದರೂ ಪ್ರಯೋಜನವಿಲ್ಲ, ಹನ್ನೊಂದು ಗಂಟೆಗೆ ಶುಗರ್ ಲೋ ಆಗುತ್ತದೆ ಅಷ್ಟೇ. ಅಂಥವರಿಗೆ ಮಲಗುವಾಗ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್, ಎನ್‌ಪಿಎಚ್.

ಸಿರಿಂಜನ್ನು ಕಣ್ಣಾರೆ ನೋಡಿ. ಕೆಂಪು ಮುಚ್ಚಳ ಎಂಎಲ್‌ಗೆ 40 ಯೂನಿಟ್ ಇರುವ ಇನ್ಸುಲಿನ್ನಿನದ್ದು, ಕಿತ್ತಳೆ ಮುಚ್ಚಳ 100 ಯೂನಿಟ್ ಇರುವುದರದ್ದು. 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ 10ರ ಗೆರೆಗೆ ಎಳೆದರೆ ಒಳಗೆ ಹೋಗೋದು 4 ಯೂನಿಟ್. ಪೆನ್ನಿನ 100ರ ಕಾರ್ಟ್ರಿಜ್‌ನಿಂದ ಕೆಂಪು ಸಿರಿಂಜಿನಲ್ಲಿ ಅದೇ 10ರ ಗೆರೆಗೆ ಎಳೆದರೆ 25. ಮೊದಲನೆಯದು "ಇನ್ಸುಲಿನ್ ಕೆಲಸ ಮಾಡ್ತಿಲ್ಲ" ಅಂತ ಬರುತ್ತದೆ, ಎರಡನೆಯದು ಪ್ರಜ್ಞೆ ತಪ್ಪಿ ಬರುತ್ತದೆ. ಬಾಟಲಿಯನ್ನು ಕುಲುಕಬಾರದು, ಹಾಲಿನ ಬಣ್ಣ ಸಮವಾಗುವವರೆಗೆ ಅಂಗೈಗಳ ನಡುವೆ ಉರುಳಿಸಬೇಕು. ಫ್ರಿಜ್ ಇಲ್ಲದ ಮನೆಗೆ ಒಂದರೊಳಗೊಂದು ಎರಡು ಮಡಿಕೆ, ನಡುವೆ ಒದ್ದೆ ಮರಳು.

ಅವಧಿಗೆ ಮುಂಚೆ ನೋವು ಬಂದು, ಮಗುವಿನ ಶ್ವಾಸಕೋಶ ಬಲಿಯಲಿ ಅಂತ ಡೆಕ್ಸಾಮೆಥಾಸೋನ್ (ಸ್ಟೀರಾಯ್ಡ್ ಸೂಜಿ) ಕೊಟ್ಟರೆ ನಾಲ್ಕೈದು ದಿನ ಶುಗರ್ ಹಾರಾಡುತ್ತದೆ; ಆ ವಾರ ಹೊಸದಾಗಿ ಜಿಡಿಎಂ ಅಂತ ಹಣೆಪಟ್ಟಿ ಹಚ್ಚಬೇಡಿ. 36 ವಾರದ ನಂತರ ಬೇಕಾಗುವ ಇನ್ಸುಲಿನ್ ತಾನಾಗೇ ಸಾಕಷ್ಟು ಕಡಿಮೆಯಾದರೆ ಪ್ಲಾಸೆಂಟಾ ಸೋಲುತ್ತಿರಬಹುದು; ಖುಷಿಪಡುವ ಮೊದಲು ಮಗುವಿನ ಚಲನೆ ಕೇಳಿ, ಮಗುವಿನ ಎದೆಬಡಿತ ನೋಡುವ ಎನ್‌ಎಸ್‌ಟಿ ಮಾಡಿ.

ಹೆರಿಗೆಯಾದಮೇಲೆ ಮಗುವಿಗೆ ಗಂಟೆಯೊಳಗೆ ಎದೆಹಾಲು, ಒಂದು ಗಂಟೆಗೆ ಹಿಮ್ಮಡಿ ಶುಗರ್, ಆಮೇಲೆ ನಾಲ್ಕು ಗಂಟೆಗೊಮ್ಮೆ ಹಾಲಿಗೆ ಮುಂಚೆ, ನಾಲ್ಕು ಸಲ ಸರಿಬರುವವರೆಗೆ. 45ರ ಕೆಳಗೆ ಬಿಡಬೇಡಿ.

ಹೆರಿಗೆಯ ನಂತರ ತಾಯಿಯ ಶುಗರ್ ಹೋಯಿತೇ ಅಂತ ನೋಡುವ ಕೊನೆಯ ಟೆಸ್ಟಿಗೆ ಯಾರೂ ಬರೋದಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ಪಾರ್ಥೆನಾನ್ ಅಧ್ಯಯನದಲ್ಲಿ ಬಸುರಿನಲ್ಲಿ ಶುಗರ್ ಇದ್ದವರ ಪೈಕಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿಗೆ ಐದೇ ವರ್ಷದಲ್ಲಿ ಸಕ್ಕರೆ ಕಾಯಿಲೆ ಬಂದಿತ್ತು ಅಂತ ಹೇಳಿದರೂ ಬಾಣಂತಿಯನ್ನು ಹೊರಗೆ ಕಳಿಸೋದಿಲ್ಲ. ಆದರೆ ಮಗುವಿನ ಆರನೇ ವಾರದ ಲಸಿಕೆಗೆ ಬಂದೇ ಬರುತ್ತಾರೆ. ಹಿಂದಿನ ಸಂಜೆ ಫೋನ್ ಮಾಡಿ ಖಾಲಿ ಹೊಟ್ಟೆಯಲ್ಲಿ ಬರೋಕೆ ಹೇಳಿ, ಮೊದಲು ಫಾಸ್ಟಿಂಗ್, ಆಮೇಲೆ ಅದೇ 75 ಗ್ರಾಂ, ಆ ಎರಡು ಗಂಟೆಯಲ್ಲಿ ಮಗುವಿನ ಸೂಜಿ, ತೂಕ, ಹಾಲು ಎಲ್ಲ ಮುಗಿಯುತ್ತದೆ. ಫಲಿತಾಂಶವನ್ನು ತಾಯಿ ಕಾರ್ಡಿನ ಲಸಿಕೆ ಪುಟದಲ್ಲೇ ಕೆಂಪು ಇಂಕಿನಲ್ಲಿ ಬರೆಯಿರಿ. ಬೇರೆ ಪುಟ ಯಾರೂ ತಿರುವೋದಿಲ್ಲ.