ಮಜ್ಜಿಗೆಯಂತಿದ್ದ ಮೊದಲ ಹರಳು

ಕ್ಯಾಲ್ಸಿಯಂ ಫ್ಲೋರೈಡಿಗೆ ಎರ್ಬಿಯಂ ಎಂಬ ಲೋಹಧಾತು ಬೆರೆಸಿ, ಲೇಸರ್‌ಗೆಂದು ನಾನು ಬೆಳೆಸಿದ ಮೊದಲ ಹರಳು ನೀರುಮಜ್ಜಿಗೆಯ ಹಾಗಿತ್ತು. ಬರಬೇಕಿದ್ದದ್ದು ನಸುಗುಲಾಬಿ, ಗಾಜಿನಷ್ಟು ತಿಳಿ. ವಾರವಿಡೀ ಕುಲುಮೆ ಕಾದವನಿಗೆ ಅಂದು ಊಟ ಸೇರಲಿಲ್ಲ.

ಮೊದಲು ಕುಲುಮೆಯನ್ನೇ ಬೈದೆ. ಅದರ ತಪ್ಪೇನೂ ಇರಲಿಲ್ಲ. ಈ ಲವಣ ಕರಗುವುದು ಸುಮಾರು 1418 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕರಗಿದ ಮೇಲೆ ಗ್ರಾಫೈಟ್ ಮೂಸೆಯನ್ನು ಬಿಸಿ ವಲಯದಿಂದ ಗಂಟೆಗೆ 2 ಮಿಲಿಮೀಟರ್‌ನಂತೆ ಕೆಳಗಿಳಿಸಿದ್ದೆ. ಬ್ರಿಜ್‌ಮನ್ ವಿಧಾನ ಅಂದರೆ ಇಷ್ಟೇ. ಎಡವಿದ್ದು ಅದಕ್ಕೂ ಮೊದಲು. ಮೈಸೂರಿನಲ್ಲಿ ಆಗ ಜುಲೈ ಮಳೆ, ಒಗೆದ ಬಟ್ಟೆ ಎರಡು ದಿನವಾದರೂ ಆರುತ್ತಿರಲಿಲ್ಲ. ಅಂಥ ಗಾಳಿಯಲ್ಲಿ ಪುಡಿಯನ್ನು ತೆರೆದ ಮೇಜಿನ ಮೇಲೆ ತೂಗಿ, ಒಣಗಿಸುವುದನ್ನು ಅವಸರದಲ್ಲಿ ಮುಗಿಸಿದ್ದೆ.

ಪುಡಿ ಹಿಡಿದುಕೊಂಡ ನೀರು ಬಿಸಿಯಲ್ಲಿ ಫ್ಲೋರೈಡನ್ನು ಒಡೆದು ಆಕ್ಸೈಡ್ ಉಳಿಸುತ್ತದೆ, ಹೈಡ್ರೋಜನ್ ಫ್ಲೋರೈಡ್ ಅನಿಲವಾಗಿ ಹೊರಬೀಳುತ್ತದೆ. ಆ ಆಕ್ಸೈಡ್ ಕಣಗಳೇ ನನ್ನ ಮಜ್ಜಿಗೆ. ಅನಿಲವೂ ಗುರುತು ಬಿಟ್ಟಿತ್ತು: ಕುಲುಮೆಯ ಇಣುಕುಗಾಜು ಒಳಗಿನಿಂದ ಮಬ್ಬಾಗಿತ್ತು. ಮೂರು ಸಲ ಉಜ್ಜಿದ ಮೇಲೆ ನನಗೆ ಅರ್ಥವಾಯಿತು, ಅದು ಕೊಳೆಯಲ್ಲ, ಗಾಜೇ ಸವೆದಿದೆ. ಗಾಜನ್ನು ತಿನ್ನುವ ಅನಿಲ ಶ್ವಾಸಕೋಶವನ್ನು ಬಿಟ್ಟೀತೇ? ಕುಲುಮೆಯ ಗಾಳಿ ಹೀರುವ ಪಂಪಿನ ಹೊಗೆಕೊಳವೆಯನ್ನು ಮರುದಿನವೇ ಸರಿಪಡಿಸಿದೆ. ಸಾಲದ್ದಕ್ಕೆ, ನನಗೆ ಬೇಕಿದ್ದ ಎರ್ಬಿಯಂ ಲೇಸರ್ ಬೆಳಕು ಹೊಮ್ಮುವುದು 2.8 ಮೈಕ್ರೋಮೀಟರ್ ತರಂಗಾಂತರದ ಆಸುಪಾಸಿನಲ್ಲಿ. ಹರಳಿನಲ್ಲಿ ಸಿಕ್ಕಿಕೊಂಡ ಹೈಡ್ರಾಕ್ಸಿಲ್, ಅಂದರೆ ನೀರಿನಿಂದ ಉಳಿದ ಆಮ್ಲಜನಕ-ಹೈಡ್ರೋಜನ್ ಜೋಡಿ, ಬೆಳಕನ್ನು ನುಂಗುವುದೂ ಅಲ್ಲೇ.

ಮುಂದಿನ ಸಲ ನಿರ್ವಾತದಲ್ಲೇ ಪುಡಿಯ ಬಿಸಿಯನ್ನು ಒಂದಿಡೀ ದಿನ ಹಂತಹಂತವಾಗಿ ಏರಿಸಿದೆ. ಜೊತೆಗೆ ಸುಮಾರು ಶೇಕಡ 1ರಷ್ಟು ಸೀಸದ ಫ್ಲೋರೈಡ್. ಅದು ಉಳಿದ ಆಮ್ಲಜನಕವನ್ನು ತಾನು ಹೊತ್ತುಕೊಂಡು ಆವಿಯಾಗಿ ಹೋಗುತ್ತದೆ. ನನ್ನ ಮಟ್ಟಿಗೆ ಅದು ಒಣಗಿಸುವುದಕ್ಕೆ ಬದಲಿಯಲ್ಲ, ಒಣಗಿಸಿದ ಮೇಲಿನ ಕೊನೆಯ ಪೊರಕೆ.

ಆ ಹರಳು ತಿಳಿಯಾಗಿಯೇ ಬಂತು, ಆದರೆ ತಣಿಸುವಾಗ ಕರೆಂಟ್ ಹೋಗಿ ಕಲ್ಲುಸಕ್ಕರೆಯಂತೆ ಒಡೆಯಿತು. ತಾಪ ಥಟ್ಟನೆ ಇಳಿದರೆ ಈ ಲವಣ ತನ್ನ ಸೀಳುಮುಖಗಳಲ್ಲಿ, ಅಂದರೆ ಹರಳು ಸುಲಭವಾಗಿ ಸೀಳುವ ಸಮತಲಗಳಲ್ಲಿ, ನೀಟಾಗಿ ಬಿರಿಯುತ್ತದೆ. ಯುಪಿಎಸ್ ಬಂತು, ಗಂಟೆಗೆ 20 ಡಿಗ್ರಿಯಂತೆ ಇಳಿಸುವ ತಾಳ್ಮೆಯೂ ಬಂತು.

ಮೂರನೆಯದನ್ನು ಕತ್ತರಿಸಿ, ಉಜ್ಜಿ ಹೊಳಪು ಕೊಟ್ಟು, ರಾತ್ರಿ ದೀಪ ಆರಿಸಿ ಕೆಂಪು ಲೇಸರ್ ಪಾಯಿಂಟರ್ ಹಾಯಿಸಿದೆ. ಮಜ್ಜಿಗೆ ಹರಳಿನಲ್ಲಿ ಕಣಗಳು ಬೆಳಕನ್ನು ಚದುರಿಸಿ, ಅದರ ದಾರಿ ಉದ್ದಕ್ಕೂ ಕೆಂಪು ಕಡ್ಡಿಯಂತೆ ಕಂಡಿತ್ತು. ಇದರಲ್ಲಿ ಹೊಕ್ಕ ಕಡೆ ಒಂದು ಚುಕ್ಕೆ, ಹೊರಟ ಕಡೆ ಒಂದು ಚುಕ್ಕೆ.

“ಒಳಗೆ ಏನೂ ಕಾಣಿಸುತ್ತಿಲ್ಲವಲ್ಲ ಸರ್, ಇದೂ ಕೆಟ್ಟಿತೇ?” ಎಂದು ಹೊಸದಾಗಿ ಸೇರಿದ ಹುಡುಗ ಗಾಬರಿಯಿಂದ ಕೇಳಿದ.